ರಿಪೋರ್ಟಿನಲ್ಲಿ 'ಕಾರ್ಡಿಯೋಲಿಪಿನ್ ಪಾಸಿಟಿವ್' ಅಂತಿದೆ: ಗರ್ಭ ನಿಲ್ಲದಿರುವುದಕ್ಕೂ ಇದಕ್ಕೂ ಏನು ಸಂಬಂಧ?

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ಲ್ಯಾಬ್ ರಿಪೋರ್ಟ್. ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು: ಆ್ಯಂಟಿ ಕಾರ್ಡಿಯೋಲಿಪಿನ್ ಐಜಿಎಂ 18, ಪಾಸಿಟಿವ್. ಅದರ ಕೆಳಗೆ ಅವಳ ಪ್ರಶ್ನೆ: "ಅಕ್ಕಾ, ನನ್ನ ರಕ್ತಾನೇ ಮಗೂಗೆ ಆಗ್ತಿಲ್ವಂತೆ, ಹೌದಾ?"

ಎರಡೂವರೆ ವರ್ಷದಲ್ಲಿ ಅವಳಿಗೆ ಮೂರು ಸಲ ಗರ್ಭ ಹೋಗಿದೆ. ಮನೆಯವರು ಪರಂಗಿ ಹಣ್ಣು, ಸ್ಕೂಟರ್, ಆಫೀಸಿನ ಮೆಟ್ಟಿಲು, ಯಾರದೋ ದೃಷ್ಟಿ ಎಲ್ಲದರ ಮೇಲೂ ಒಂದೊಂದು ಸಲ ತಪ್ಪು ಹೊರಿಸಿ ಆಗಿತ್ತು. ಈಗ ಅವಳ ರಕ್ತದ ಸರದಿ.

ನಾನು ಡಾಕ್ಟರಲ್ಲ, ಓದಿ ತಿಳಿದು ಬರೆಯುವವಳು. ಆ ರಾತ್ರಿ ಅವಳಿಗೆ ಎರಡು ಸಾಲಿನ ಉತ್ತರ ಕೊಟ್ಟು ಮಲಗಿಸಿದೆ. ಪೂರ್ತಿ ಉತ್ತರಕ್ಕೆ ಇಷ್ಟು ಜಾಗ ಬೇಕಾಯಿತು.

## ಎಷ್ಟು ಸಲ ಆದರೆ ಕಾರಣ ಹುಡುಕಬೇಕು?

ಮೊದಲು ಪದ. ನಮ್ಮಲ್ಲಿ ಗರ್ಭ ತಾನಾಗಿ ಹೋದರೂ ಅಬಾರ್ಷನ್, ಬೇಡವೆಂದು ತೆಗೆಸಿದರೂ ಅಬಾರ್ಷನ್. ಡಿಸ್ಚಾರ್ಜ್ ಹಾಳೆಯಲ್ಲೂ ಎಷ್ಟೋ ಸಲ ಹಾಗೇ ಇರುತ್ತದೆ. ಇಲ್ಲಿ ಮಾತಾಡುತ್ತಿರುವುದು ತಾನಾಗಿ ಹೋಗುವುದರ ಬಗ್ಗೆ ಮಾತ್ರ.

ಇದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಆಗುತ್ತದೆ. ಟೆಸ್ಟ್‌ನಲ್ಲಿ ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 15 ಹೀಗೆ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋದವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ಗಳಲ್ಲಿ ಆದ ಎಡವಟ್ಟು. ಮೊಟ್ಟೆ ಮತ್ತು ವೀರ್ಯಾಣು ಸೇರುವ ಹೊತ್ತಿನಲ್ಲೇ ಎಣಿಕೆ ತಪ್ಪಿರುತ್ತದೆ. ಆಮೇಲೆ ಅಮ್ಮ ಮೆಟ್ಟಿಲು ಹತ್ತಿದರೂ ಅಷ್ಟೇ, ಮಂಚ ಬಿಟ್ಟು ಇಳಿಯದಿದ್ದರೂ ಅಷ್ಟೇ.

ಒಂದು ಸಲ ಆದರೆ ಸಾಮಾನ್ಯವಾಗಿ ಡಾಕ್ಟರುಗಳು ದೊಡ್ಡ ಪರೀಕ್ಷೆಗೆ ಹೋಗುವುದಿಲ್ಲ. ಯುರೋಪ್ ಮತ್ತು ಅಮೆರಿಕದ ತಜ್ಞರ ಸಂಘಗಳ ಪ್ರಕಾರ ಎರಡು ಸಲ ಆದರೆ ಕಾರಣ ಹುಡುಕಬೇಕು. ಬ್ರಿಟನ್ನಿನವರ ಲೆಕ್ಕ ಮೂರು. ಮೂರು ಸಲ ಅನುಭವಿಸುವವರು ನೂರು ಜೋಡಿಗಳಲ್ಲಿ ಒಂದು.

ಹುಡುಕಿದಾಗ ಸಿಗುವ ಕಾರಣಗಳು ಹಲವು. ಗರ್ಭಕೋಶದ ಒಳಗೆ ಅಡ್ಡಗೋಡೆಯಂಥ ಪರದೆ ಇರಬಹುದು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರ ಕ್ರೋಮೋಸೋಮಿನ ಎರಡು ತುಂಡು ಜಾಗ ಅದಲುಬದಲಾಗಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಹತೋಟಿ ತಪ್ಪಿರಬಹುದು. ಸುಮಾರು ಅರ್ಧ ಜನರಿಗೆ ಏನೂ ಸಿಗುವುದಿಲ್ಲ. ಇನ್ನು ದೇಹದ ರಕ್ಷಣಾ ವ್ಯವಸ್ಥೆಯೇ, ಅಂದರೆ ಇಮ್ಯೂನ್ ಸಿಸ್ಟಮ್ಮೇ ಕಾರಣ ಎನ್ನುವ ಒಂದು ಗುಂಪಿದೆ. ನನ್ನ ತಂಗಿಯ ರಿಪೋರ್ಟಿಗೆ ಸಂಬಂಧಪಟ್ಟದ್ದು ಇದು.

## ಹೆಣ್ಣಿನ ಮನೆ ಬಾಗಿಲಲ್ಲಿ ಗಂಡಿನ ಕಡೆಯವರು

ಬೇರೆಯವರ ಕಿಡ್ನಿ ಕಸಿ ಮಾಡಿದರೆ ನಮ್ಮ ದೇಹ ಅದನ್ನು ಹೊರಗಿನದು ಎಂದು ಗುರುತಿಸಿ ಜಗಳಕ್ಕೆ ನಿಲ್ಲುತ್ತದೆ. ಆ ಜಗಳ ತಡೆಯಲು ಜೀವನಪೂರ್ತಿ ಮಾತ್ರೆ ನುಂಗಬೇಕು. ಮಗುವೂ ಅರ್ಧ ಹೊರಗಿನದೇ ಅಲ್ವಾ? ಅದರ ಅರ್ಧ ಗುರುತು ಅಪ್ಪನದು. ಹಾಗಿದ್ದೂ ಅಮ್ಮನ ಮೈ ಅದನ್ನು ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? 1953ರಲ್ಲಿ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ ಈ ಪ್ರಶ್ನೆ ಎತ್ತಿದರು. ಅಂಗ ಕಸಿಗೆ ದಾರಿ ಮಾಡಿಕೊಟ್ಟ ಕೆಲಸಕ್ಕಾಗಿ 1960ರಲ್ಲಿ ನೊಬೆಲ್ ಪಡೆದವರು ಅವರು. ಬಸಿರಿನ ಪ್ರಶ್ನೆಗೆ ಮಾತ್ರ ಪೂರ್ತಿ ಉತ್ತರ ಇವತ್ತಿಗೂ ಸಿಕ್ಕಿಲ್ಲ.

ಸಿಕ್ಕಷ್ಟು ಉತ್ತರ ಹೀಗಿದೆ. ಮದುವೆ ಛತ್ರದ ಬಾಗಿಲಲ್ಲಿ ಹೆಣ್ಣಿನ ಕಡೆಯವರು ನಿಂತಿದ್ದಾರೆ ಅಂದುಕೊಳ್ಳಿ. ಬರುವವರಲ್ಲಿ ಅರ್ಧದಷ್ಟು ಗಂಡಿನ ಕಡೆಯವರು, ಮುಖ ಪರಿಚಯ ಇಲ್ಲ. ಆದರೂ ಯಾರೂ ತಡೆಯುವುದಿಲ್ಲ. ಗರ್ಭದಲ್ಲೂ ಹೆಚ್ಚುಕಡಿಮೆ ಹೀಗೇ. ಅಮ್ಮನ ರಕ್ತಕ್ಕೆ ಎದುರಾಗುವುದು ಮಗು ನೇರವಾಗಿ ಅಲ್ಲ, ಮಾಸು. ಇಂಗ್ಲಿಷಿನಲ್ಲಿ ಪ್ಲಾಸೆಂಟಾ. ಮಾಸಿನ ಹೊರಪದರದ ಕೋಶಗಳು ಸಾಮಾನ್ಯ ಗುರುತುಗಳನ್ನು ಮರೆಮಾಡಿ, ಎಚ್‌ಎಲ್‌ಎ-ಜಿ ಎಂಬ ವಿಶೇಷ ಗುರುತನ್ನು ಎದೆಗೆ ಚುಚ್ಚಿಕೊಂಡ ಹೂವಿನಂತೆ ತೋರಿಸುತ್ತವೆ. ಬಾಗಿಲಲ್ಲಿದ್ದವರು ಅದನ್ನು ನೋಡಿ ದಾರಿ ಬಿಡುತ್ತಾರೆ.

ದಾರಿ ಬಿಡುವುದಷ್ಟೇ ಅಲ್ಲ, ಕೈಯನ್ನೂ ಜೋಡಿಸುತ್ತಾರೆ. ಗರ್ಭಕೋಶದಲ್ಲಿ ಎನ್‌ಕೆ ಕೋಶಗಳು ತುಂಬಾ ಇರುತ್ತವೆ. ಎನ್‌ಕೆ ಅಂದರೆ 'ನ್ಯಾಚುರಲ್ ಕಿಲ್ಲರ್'. ಹೆಸರು ಕೇಳಿದರೆ ಭಯ. ಆದರೆ ಗರ್ಭಕೋಶದಲ್ಲಿ ಇವು ಕೊಲ್ಲುವ ಕೆಲಸ ಮಾಡುವುದಿಲ್ಲ. ಅಮ್ಮನ ರಕ್ತನಾಳಗಳನ್ನು ಅಗಲ ಮಾಡಿ ಮಾಸು ಊರಲು ನೆರವಾಗುತ್ತವೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ದುಡ್ಡಿನ ವಿಷಯ ಬಂದಾಗ ಮತ್ತೆ ಬರುತ್ತದೆ.

## ಎಪಿಎಸ್: ತನ್ನವರನ್ನೇ ಗುರುತಿಸದ ಕಾವಲು

ರೋಗಾಣು ಬಂದಾಗ ದೇಹ ಆ್ಯಂಟಿಬಾಡಿಗಳನ್ನು ಮಾಡುತ್ತದೆ. ಇವು ಶತ್ರುವಿನ ಮೈಗೆ ಅಂಟಿಕೊಂಡು "ಇವನೇ" ಎಂದು ತೋರಿಸುವ ಪ್ರೋಟೀನುಗಳು. ಕೆಲವರ ದೇಹದಲ್ಲಿ ಇವು ತಪ್ಪು ವಿಳಾಸಕ್ಕೆ ಹೋಗುತ್ತವೆ. ಸ್ವಂತ ಕೋಶಗಳಿಗೇ ಅಂಟಿಕೊಳ್ಳುತ್ತವೆ. ಇದಕ್ಕೆ ಆಟೋಇಮ್ಯೂನ್ ಕಾಯಿಲೆ ಅನ್ನುತ್ತಾರೆ.

ಪ್ರತಿ ಕೋಶದ ಸುತ್ತ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಪೊರೆ ಇದೆ. ರಕ್ತದಲ್ಲಿ ತೇಲುವ ಬೀಟಾ-2 ಗ್ಲೈಕೋಪ್ರೋಟೀನ್ ಎಂಬ ಒಂದು ಪ್ರೋಟೀನ್ ಆಗಾಗ ಈ ಪೊರೆಯ ಮೇಲೆ ಬಂದು ಕೂರುತ್ತದೆ. ಕೆಲವರಲ್ಲಿ ಆ್ಯಂಟಿಬಾಡಿಗಳು ಈ ಜೋಡಿಗೆ ಅಂಟಿಕೊಳ್ಳುತ್ತವೆ. ಅದರ ಪರಿಣಾಮವಾಗಿ ರಕ್ತ ಬೇಡದ ಕಡೆ ಹೆಪ್ಪುಗಟ್ಟುವುದು, ಗರ್ಭ ನಿಲ್ಲದಿರುವುದು, ಅಥವಾ ಎರಡೂ ಆದಾಗ ಅದು ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಚಿಕ್ಕದಾಗಿ ಎಪಿಎಸ್. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ಮತ್ತು ಅವರ ತಂಡ 1983ರಲ್ಲಿ ಇದನ್ನು ಗುರುತಿಸಿದ್ದರಿಂದ ಹ್ಯೂಸ್ ಸಿಂಡ್ರೋಮ್ ಅಂತಲೂ ಹೆಸರಿದೆ. ಇಂಗ್ಲಿಷಿನ ಆಡುಮಾತಿನಲ್ಲಿ 'ಸ್ಟಿಕಿ ಬ್ಲಡ್', ಅಂದರೆ 'ಅಂಟು ರಕ್ತ'. ಮತ್ತೆ ಮತ್ತೆ ಗರ್ಭ ಹೋಗುವ ಹೆಂಗಸರಲ್ಲಿ ಸುಮಾರು ನೂರಕ್ಕೆ 15 ಮಂದಿಯಲ್ಲಿ ಈ ಆ್ಯಂಟಿಬಾಡಿಗಳು ಸಿಗುತ್ತವೆ.

ಮಾಸಿಗೆ ಏನಾಗುತ್ತದೆ? ನಾಟಿ ಮಾಡಿದ ಪೈರನ್ನು ನೆನೆಸಿಕೊಳ್ಳಿ. ಸಸಿ ಕೆಸರಲ್ಲಿ ಬೇರು ಬಿಡಬೇಕು, ಆಮೇಲೆ ಗದ್ದೆಗೆ ನೀರು ಹರಿಯುತ್ತಿರಬೇಕು. ಈ ಆ್ಯಂಟಿಬಾಡಿಗಳು ಎರಡಕ್ಕೂ ತೊಂದರೆ ಕೊಡುತ್ತವೆ. ಮಾಸಿನ ಕೋಶಗಳು ಗರ್ಭಕೋಶದ ಗೋಡೆಯೊಳಗೆ ಬೇರೂರದಂತೆ ಮಾಡುತ್ತವೆ, ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಹೀಗಾದಾಗ ಗರ್ಭ ಮೊದಲ ವಾರಗಳಲ್ಲೇ ಹೋಗುತ್ತದೆ. ಬೇರೂರಿದ ಮೇಲೂ ಮಾಸಿನ ರಕ್ತನಾಳಗಳಲ್ಲಿ ಹೆಪ್ಪು ಕೂತರೆ, ಕಾಲುವೆಯಲ್ಲಿ ಹೂಳು ತುಂಬಿದ ಹಾಗೆ, ಮಗುವಿಗೆ ಆಹಾರ ಮತ್ತು ಆಮ್ಲಜನಕ ಕಮ್ಮಿಯಾಗುತ್ತದೆ. ಆಗ ಐದಾರು ತಿಂಗಳಲ್ಲಿ ಹೋಗಬಹುದು. ಮಗು ಬೆಳೆಯದಿರಬಹುದು. ಅಮ್ಮನ ಬಿಪಿ ವಿಪರೀತ ಏರಬಹುದು.

ಹುಟ್ಟಿದ ಮೇಲೆ ನಮ್ಮ ಅಜ್ಜಿಯರು 'ಕಸ' ಅಂತ ಕರೆದು ಹೂತುಬಿಡುತ್ತಿದ್ದ ಮಾಸೇ ಈ ಇಡೀ ಕಥೆಯ ನಾಯಕ.

## ದನದ ಹೃದಯ, ಕೊಳಕುಮಂಡಲದ ವಿಷ

ಈ ಕಾಯಿಲೆಗೆ ಮೂರು ರಕ್ತ ಪರೀಕ್ಷೆಗಳಿವೆ. ಮೂರನ್ನೂ ಮಾಡಿಸಬೇಕು. ಅವುಗಳ ಹಿಂದಿನ ಕಥೆ ರುಚಿಯಾಗಿರುವುದರಿಂದ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಒಂದನೆಯದು ಆ್ಯಂಟಿ ಕಾರ್ಡಿಯೋಲಿಪಿನ್. ಕಾರ್ಡಿಯೋಲಿಪಿನ್ ಒಂದು ಫಾಸ್ಫೋಲಿಪಿಡ್. 1940ರ ದಶಕದ ಶುರುವಿನಲ್ಲಿ ದನದ ಹೃದಯದಿಂದ ಇದನ್ನು ಬೇರ್ಪಡಿಸಿದರು, ಹೆಸರಿನಲ್ಲಿ 'ಕಾರ್ಡಿಯೋ' ಬಂದದ್ದು ಹಾಗೆ. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕಾಯಿಲೆಯ ಪತ್ತೆಗೆ ಮಾಡುವ ವಿಡಿಆರ್‌ಎಲ್ ಪರೀಕ್ಷೆಯಲ್ಲಿ ಇದೇ ವಸ್ತು ಇದೆ. ಬಸುರಿಯರಿಗೆ ಆಸ್ಪತ್ರೆಯಲ್ಲಿ ಮಾಮೂಲಿಯಾಗಿ ಮಾಡುವ ಪರೀಕ್ಷೆ ಅದು. ಹಾಗಾಗಿ ಎಪಿಎಸ್ ಇರುವವರಿಗೆ ಸಿಫಿಲಿಸ್ ಇಲ್ಲದಿದ್ದರೂ ವಿಡಿಆರ್‌ಎಲ್ ಪಾಸಿಟಿವ್ ಬರಬಹುದು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಮಾಡುವ ರಿಪೋರ್ಟ್ ಅದು. ಜಗಳಕ್ಕೆ ಮೊದಲು, ಸಿಫಿಲಿಸ್ ಹೌದೋ ಅಲ್ಲವೋ ಅಂತ ಖಚಿತ ಮಾಡುವ ಇನ್ನೊಂದು ಪರೀಕ್ಷೆ ಇದೆ, ಅದನ್ನು ಮಾಡಿಸಬೇಕು.

ಎರಡನೆಯದು ಆ ಬೀಟಾ-2 ಗ್ಲೈಕೋಪ್ರೋಟೀನಿಗೆ ಅಂಟುವ ಆ್ಯಂಟಿಬಾಡಿಯ ಪರೀಕ್ಷೆ. ವಿಶೇಷ ಕಥೆ ಇಲ್ಲ.

ಮೂರನೆಯದು ಲೂಪಸ್ ಆ್ಯಂಟಿಕೋಆಗ್ಯುಲಂಟ್. ಈ ಹೆಸರಿನಲ್ಲಿ ಎರಡು ತಪ್ಪಿದೆ. ಇದು ಇರುವವರಲ್ಲಿ ಹೆಚ್ಚಿನವರಿಗೆ ಲೂಪಸ್ ಎಂಬ ಆಟೋಇಮ್ಯೂನ್ ಕಾಯಿಲೆ ಇರುವುದಿಲ್ಲ. ಆ್ಯಂಟಿಕೋಆಗ್ಯುಲಂಟ್ ಅಂದರೆ ಹೆಪ್ಪುಗಟ್ಟದಂತೆ ತಡೆಯುವುದು. ಇದು ಮೈಯೊಳಗೆ ಮಾಡುವುದು ತದ್ವಿರುದ್ಧ, ಹೆಪ್ಪುಗಟ್ಟಿಸುತ್ತದೆ. ಆದರೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಲು ಫಾಸ್ಫೋಲಿಪಿಡ್ ಬೇಕು, ಆ್ಯಂಟಿಬಾಡಿಗಳು ಅದನ್ನು ಹಿಡಿದು ಕೂತುಬಿಡುತ್ತವೆ. ಹಾಗಾಗಿ ಟ್ಯೂಬಿನಲ್ಲಿ ತಡವಾಗುತ್ತದೆ. ಮೊದಲು ಟ್ಯೂಬಿನಲ್ಲಿ ಕಂಡವರು ಇಟ್ಟ ಹೆಸರು ಹಾಗೇ ಉಳಿದುಕೊಂಡಿತು.

ತಡವಾಗುತ್ತಿದೆಯಾ ಅಂತ ನೋಡಲು ಲ್ಯಾಬಿನವರು ಬಳಸುವುದು ಹಾವಿನ ವಿಷ. ನಮ್ಮ ಹೊಲಗದ್ದೆಗಳ ಕೊಳಕುಮಂಡಲದ್ದೇ. ಅದು ಕಚ್ಚಿದರೆ ರಕ್ತದ ಹೆಪ್ಪುಗಟ್ಟುವ ವ್ಯವಸ್ಥೆ ಕೆಟ್ಟುಹೋಗುತ್ತದೆ ಅಂತ ಹಳ್ಳಿಯವರಿಗೆಲ್ಲ ಗೊತ್ತು. ಆ ವಿಷವನ್ನು ತುಂಬಾ ತೆಳ್ಳಗೆ ಮಾಡಿ ರಕ್ತದ ತಿಳಿಗೆ ಹಾಕಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಎಣಿಸುತ್ತಾರೆ. ರಿಪೋರ್ಟಿನಲ್ಲಿ ಡಿಆರ್‌ವಿವಿಟಿ ಅಂತ ಬರುವುದು ಇದೇ. ಅದರಲ್ಲಿ ಒಂದು 'ವಿ' ಹಾವಿಗೆ, ಇನ್ನೊಂದು 'ವಿ' ವಿಷಕ್ಕೆ. ಸಂತಾನವಿಲ್ಲದವರು ಸರ್ಪದೋಷ ಕಳೆಯಲು ಕುಕ್ಕೆಗೆ ಹೋಗುವ ನಾಡು ನಮ್ಮದು. ಅಲ್ಲಿಗೆ ಹೋಗಿ ಬಂದವರಿಗೆ ಲ್ಯಾಬಿನಲ್ಲೂ ಹಾವೇ ಸಿಗುತ್ತದೆ.

ಈ ಪರೀಕ್ಷೆ ಸೂಕ್ಷ್ಮ. ತಿಳಿ ನೀಲಿ ಮುಚ್ಚಳದ ಟ್ಯೂಬಿಗೆ ಗೆರೆಯವರೆಗೆ ಸರಿಯಾಗಿ ರಕ್ತ ತುಂಬಬೇಕು. ಕಮ್ಮಿ ತುಂಬಿದರೆ ಲೆಕ್ಕ ತಪ್ಪುತ್ತದೆ. ರಕ್ತ ತೆಳು ಮಾಡುವ ಔಷಧಿ ನಡೆಯುತ್ತಿದ್ದರೂ ತಪ್ಪಬಹುದು, ಮೊದಲೇ ಹೇಳಬೇಕು. ಬಸಿರಿನಲ್ಲಿ, ಅಥವಾ ಗರ್ಭ ಹೋದ ಮರುವಾರವೇ ಮಾಡಿಸುವುದೂ ಒಳ್ಳೆಯದಲ್ಲ. ಆರು ವಾರವಾದರೂ ಕಳೆಯಲಿ.

## 12 ವಾರ ಯಾಕೆ ಕಾಯಬೇಕು?

ಈಗ ತಂಗಿಯ 18ಕ್ಕೆ ಬರೋಣ.

ಜ್ವರ, ವೈರಲ್ ಸೋಂಕು ಬಂದುಹೋದಾಗ ಈ ಆ್ಯಂಟಿಬಾಡಿಗಳು ಯಾರ ಮೈಯಲ್ಲಾದರೂ ಸ್ವಲ್ಪ ದಿನ ಕಾಣಿಸಿಕೊಂಡು ಹೋಗಬಹುದು. ಆರೋಗ್ಯವಾಗಿ ಓಡಾಡುವ ನೂರು ಜನರಲ್ಲಿ ಒಂದರಿಂದ ಐದು ಮಂದಿಯ ರಕ್ತದಲ್ಲೂ ಸಿಗುತ್ತವೆ. ಅವು ನೆಂಟರಂತೆ ಬಂದು ಹೋಗುವವೋ, ಮನೆ ಮಾಡಿಕೊಂಡವೋ ಅಂತ ತಿಳಿಯಲು ಒಂದೇ ದಾರಿ: ಕನಿಷ್ಠ 12 ವಾರ ಬಿಟ್ಟು ಮತ್ತೆ ಪರೀಕ್ಷೆ. ಎರಡೂ ಸಲ ಪಾಸಿಟಿವ್ ಬಂದರೆ ಮಾತ್ರ ಎಪಿಎಸ್ ಅನ್ನಬಹುದು. 2006ರಲ್ಲಿ ಪ್ರಕಟವಾದ, ಸಿಡ್ನಿ ಮಾನದಂಡ ಎಂದು ಹೆಸರಾದ ನಿಯಮ ಇದು.

ಸಂಖ್ಯೆಯೂ ಮುಖ್ಯ. ಅವಳ ಲ್ಯಾಬ್ 12 ದಾಟಿದ್ದಕ್ಕೆಲ್ಲ ಪಾಸಿಟಿವ್ ಅಂತ ದಪ್ಪ ಅಕ್ಷರ ಹಾಕುತ್ತದೆ. ಸಿಡ್ನಿ ಮಾನದಂಡದಲ್ಲಿ ಕಾರ್ಡಿಯೋಲಿಪಿನ್‌ಗೆ ಕೊಟ್ಟಿರುವ ಗೆರೆ 40. ಐಜಿಜಿ, ಐಜಿಎಂ ಎಂಬ ಎರಡು ಬಗೆಯ ಆ್ಯಂಟಿಬಾಡಿಗಳಲ್ಲಿ ಐಜಿಜಿ ಜಾಸ್ತಿ ತೂಕದ್ದು. ಮೂರು ಪರೀಕ್ಷೆಗಳಲ್ಲಿ ಲೂಪಸ್ ಆ್ಯಂಟಿಕೋಆಗ್ಯುಲಂಟ್ ಪಾಸಿಟಿವ್ ಆದರೆ ಅಪಾಯದ ಸೂಚನೆ ಎಲ್ಲಕ್ಕಿಂತ ಬಲವಾದದ್ದು. ಮೂರೂ ಪಾಸಿಟಿವ್ ಆದರೆ ಇನ್ನೂ ಜಾಗ್ರತೆ ಬೇಕು. ಒಂದೇ ಸಲ, ಒಂದೇ ಪರೀಕ್ಷೆಯಲ್ಲಿ, ಐಜಿಎಂ 18 ಅಂದರೆ ಏನೂ ಅಲ್ಲದಿರುವ ಸಾಧ್ಯತೆ ಜಾಸ್ತಿ.

ರಕ್ತ ಒಂದನ್ನೇ ನೋಡಿದರೂ ಸಾಲದು. ಜೊತೆಗೆ ಆದ ಘಟನೆಯೂ ಹೊಂದಬೇಕು. ಹತ್ತು ವಾರಕ್ಕೆ ಮೊದಲು ಸತತ ಮೂರು ಸಲ ಕಾರಣವಿಲ್ಲದೆ ಗರ್ಭ ಹೋಗಿರಬೇಕು. ಅಥವಾ ಹತ್ತು ವಾರ ದಾಟಿದ, ಅಂಗಾಂಗ ಸರಿಯಿದ್ದ ಮಗು ಒಂದು ಸಲವಾದರೂ ಹೊಟ್ಟೆಯಲ್ಲೇ ತೀರಿಕೊಂಡಿರಬೇಕು. ಅಥವಾ ಬಿಪಿ ಏರಿ, ಇಲ್ಲವೇ ಮಾಸು ಸೋತು, 34 ವಾರಕ್ಕೆ ಮೊದಲೇ ಹೆರಿಗೆಯಾಗಿರಬೇಕು. 2023ರಲ್ಲಿ ಬಂದ ಹೊಸ ಮಾನದಂಡ ಇದಕ್ಕಿಂತ ಬಿಗಿ, ಆದರೆ ಅದು ಮುಖ್ಯವಾಗಿ ಸಂಶೋಧನೆಗೆ ಮಾಡಿದ್ದು.

ಇದೇ ಹೊತ್ತಿಗೆ ಟಾರ್ಚ್ ಟೆಸ್ಟ್ ಅಂತ, ರುಬೆಲ್ಲಾದಂಥ ಕೆಲವು ಸೋಂಕುಗಳನ್ನು ಹುಡುಕುವ ಇನ್ನೊಂದು ಉದ್ದ ಪಟ್ಟಿ ಫೈಲಿನಲ್ಲಿ ಸೇರಿಕೊಂಡಿರುತ್ತದೆ. ನಮ್ಮ ಕಡೆ ತುಂಬಾ ಬರೆಯುತ್ತಾರೆ. ಮತ್ತೆ ಮತ್ತೆ ಗರ್ಭ ಹೋಗುವುದಕ್ಕೆ ಕಾರಣ ಹುಡುಕಲು ಅದರಿಂದ ಪ್ರಯೋಜನವಿಲ್ಲ.

## ಚಿಕಿತ್ಸೆ: ಒಂದು ಚಿಕ್ಕ ಮಾತ್ರೆ, ಒಂದು ಚಿಕ್ಕ ಸೂಜಿ

ಎಪಿಎಸ್ ಖಚಿತವಾದರೆ ಚಿಕಿತ್ಸೆ ಸರಳ. ದಿನಕ್ಕೆ 75ರಿಂದ 100 ಮಿಲಿಗ್ರಾಂ ಆಸ್ಪಿರಿನ್, ಜೊತೆಗೆ ಹೆಪಾರಿನ್ ಇಂಜೆಕ್ಷನ್.

1980ರ ದಶಕದಲ್ಲಿ ಸ್ಟೀರಾಯ್ಡ್ ಕೊಡುತ್ತಿದ್ದರು. ರಕ್ಷಣಾ ವ್ಯವಸ್ಥೆ ತಪ್ಪು ಮಾಡುತ್ತಿದೆಯಲ್ಲ, ಅದನ್ನೇ ಅದುಮಿದರೆ ಆಯಿತು ಅನ್ನುವ ಲೆಕ್ಕ. ಹೋಲಿಸಿ ನೋಡಿದಾಗ ಲಾಭ ಕಾಣಲಿಲ್ಲ. ಸಕ್ಕರೆ, ಬಿಪಿ, ಅವಧಿಗೆ ಮೊದಲೇ ಹೆರಿಗೆ ಮಾತ್ರ ಜಾಸ್ತಿಯಾಯಿತು.

1997ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಒಂದು ಅಧ್ಯಯನ ದಾರಿ ತೋರಿಸಿತು. ಈ ಆ್ಯಂಟಿಬಾಡಿಗಳಿದ್ದು ಮತ್ತೆ ಮತ್ತೆ ಗರ್ಭ ಕಳೆದುಕೊಂಡಿದ್ದ 90 ಹೆಂಗಸರು. 45 ಮಂದಿಗೆ ಆಸ್ಪಿರಿನ್ ಮಾತ್ರ, ಇನ್ನು 45 ಮಂದಿಗೆ ಆಸ್ಪಿರಿನ್ ಜೊತೆ ಹೆಪಾರಿನ್. ಮೊದಲ ಗುಂಪಿನಲ್ಲಿ 19 ಮಕ್ಕಳು ಹುಟ್ಟಿ ಉಳಿದರೆ, ಎರಡನೆಯದರಲ್ಲಿ 32. ಅಂದರೆ ನೂರಕ್ಕೆ 42 ಮತ್ತು 71. 2002ರ ಇನ್ನೊಂದು ಅಧ್ಯಯನದಲ್ಲಿ ಎರಡು ಗುಂಪಿನ ನಡುವೆ ಇಷ್ಟು ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೂ ಎಲ್ಲ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ತಕ್ಕಡಿ ಎರಡೂ ಔಷಧಿ ಕೊಡುವ ಕಡೆಗೇ ವಾಲುತ್ತದೆ.

ಹೆಪಾರಿನ್ ರಕ್ತ ತೆಳು ಮಾಡುತ್ತದೆ, ಅದಕ್ಕೇ ಗುಣ ಅಂತ ಮೊದಲು ಅಂದುಕೊಂಡಿದ್ದರು. 2004ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ಬೇರೆಯೇ ಹೇಳಿತು. ರಕ್ತ ತೆಳು ಮಾಡುವ ಬೇರೆ ಔಷಧಿಗಳು ಇಲಿಮರಿಗಳನ್ನು ಉಳಿಸಲಿಲ್ಲ, ಹೆಪಾರಿನ್ ಉಳಿಸಿತು. ಮಾಸಿನ ಜಾಗದಲ್ಲಿ ಆ್ಯಂಟಿಬಾಡಿ ಹಚ್ಚುವ ಉರಿಯನ್ನೇ ಅದು ಆರಿಸುತ್ತದೆ ಅಂತ ಗೊತ್ತಾಯಿತು.

ಇನ್ನೊಂದು ಅನುಕೂಲವಿದೆ. ಹೆಪಾರಿನ್ ಕಣ ದೊಡ್ಡದು, ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ. ರಕ್ತ ತೆಳು ಮಾಡುವ ಇನ್ನೊಂದು ಔಷಧಿ ವಾರ್ಫರಿನ್ ಹಾಗಲ್ಲ. ಅದು ದಾಟುತ್ತದೆ, ಮೊದಲ ತಿಂಗಳುಗಳಲ್ಲಿ ಮಗುವಿನ ಮೂಗು, ಮೂಳೆಗಳಿಗೆ ಹಾನಿ ಮಾಡಬಲ್ಲದು. ಮೊದಲೇ ಕಾಲಲ್ಲೋ ಮಿದುಳಲ್ಲೋ ಹೆಪ್ಪುಗಟ್ಟಿ ವಾರ್ಫರಿನ್ ನುಂಗುತ್ತಿರುವವರು ಬಸಿರಿಗೆ ಪ್ರಯತ್ನಿಸುವ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು.

ಆಸ್ಪಿರಿನ್ ಸಾಮಾನ್ಯವಾಗಿ ಬಸಿರಿಗೆ ಮೊದಲೇ, ಅಥವಾ ಟೆಸ್ಟ್ ಪಾಸಿಟಿವ್ ಬಂದ ಕೂಡಲೇ ಶುರು. ಹೆಪಾರಿನ್ ಆಗಲೇ, ಅಥವಾ ಸ್ಕ್ಯಾನಿನಲ್ಲಿ ಹಾರ್ಟ್‌ಬೀಟ್ ಕಂಡ ಮೇಲೆ. ಹೆರಿಗೆಯ ಹೊತ್ತಿಗೆ ನಿಲ್ಲಿಸಿ, ಆಮೇಲೆ ಮತ್ತೆ ಸಾಮಾನ್ಯವಾಗಿ ಆರು ವಾರದವರೆಗೆ, ಏಕೆಂದರೆ ಬಾಣಂತಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಹಾಲೂಡಿಸಲು ಇದರಿಂದ ಅಡ್ಡಿಯಿಲ್ಲ.

## ಹೊಟ್ಟೆಗೆ ಚುಚ್ಚಿಕೊಳ್ಳುವುದು

ದಿನಕ್ಕೊಂದರಂತೆ ಲೆಕ್ಕ ಹಾಕಿದರೆ 250ರ ಆಸುಪಾಸು ಸೂಜಿ. ನರ್ಸ್ ಹತ್ತಿರ ದಿನಾ ಹೋಗುವುದು ಆಗದ ಮಾತು. ಬಹಳ ಮಂದಿ ಮನೆಯಲ್ಲೇ ಕಲಿಯುತ್ತಾರೆ.

ಈಗ ಹೆಚ್ಚಾಗಿ ಕೊಡುವುದು ಎನಾಕ್ಸಪಾರಿನ್ ಎಂಬ ಬಗೆ. ಔಷಧಿ ತುಂಬಿದ ಸಿರಿಂಜೇ ಬರುತ್ತದೆ. ಒಳಗೆ ಒಂದು ಗಾಳಿಗುಳ್ಳೆ ಕಾಣುತ್ತದೆ. ಪೂರ್ತಿ ಸಿರಿಂಜ್ ಹಾಕುವುದಿದ್ದರೆ ಅದನ್ನು ಹೊರಹಾಕಬೇಡಿ, ಕೊನೆಯ ಹನಿಯನ್ನು ಒಳಗೆ ತಳ್ಳಲು ಅದು ಬೇಕು. ಕೂತು ಅಥವಾ ಒರಗಿ, ಹೊಕ್ಕುಳಿನಿಂದ ಎರಡು ಇಂಚು ಆಚೆ, ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಹಿಡಿದು, ಸೂಜಿಯನ್ನು ನೆಟ್ಟಗೆ ಇಳಿಸಬೇಕು. ಔಷಧಿ ಮುಗಿದು ಸೂಜಿ ತೆಗೆಯುವವರೆಗೆ ಮಡಿಕೆ ಬಿಡುವಂತಿಲ್ಲ. ಆಮೇಲೆ ಉಜ್ಜಬಾರದು. ನಮ್ಮ ಕೈ ತಾನಾಗಿ ಉಜ್ಜಲು ಹೋಗುತ್ತದೆ, ಹಾಗೆ ಮಾಡಿದರೆ ನೀಲಿಗಟ್ಟುತ್ತದೆ. ಉಜ್ಜದಿದ್ದರೂ ಒಂದೆರಡು ಕಡೆ ನೀಲಿಗಟ್ಟುವುದು ಮಾಮೂಲು. ಇವತ್ತು ಎಡ, ನಾಳೆ ಬಲ. ಮಗು ಇರುವುದು ತುಂಬಾ ಒಳಗೆ, ಸೂಜಿ ಚರ್ಮದ ಕೆಳಗಿನ ಕೊಬ್ಬನ್ನು ದಾಟುವುದಿಲ್ಲ.

ಹೆಪಾರಿನ್ ಮಾಡುವುದು ಹಂದಿಯ ಕರುಳಿನ ಒಳಪದರದಿಂದ. ಧರ್ಮದ ಕಾರಣಕ್ಕೆ ತಿಳಿದುಕೊಳ್ಳಬೇಕು ಅನ್ನುವವರಿರುತ್ತಾರೆ, ಹಾಗಾಗಿ ಹೇಳಿದೆ. ಬೇಡ ಅನಿಸಿದರೆ ಬೇರೆ ಏನಿದೆ ಅಂತ ಡಾಕ್ಟರನ್ನು ಕೇಳಬಹುದು.

ಶುರುವಿನ ದಿನಗಳಲ್ಲಿ ಪ್ಲೇಟ್‌ಲೆಟ್ ಎಣಿಕೆ ನೋಡುತ್ತಾರೆ, ಅಪರೂಪಕ್ಕೆ ಅದು ಬೀಳುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮೂಳೆ ಸ್ವಲ್ಪ ಸವೆಯಬಹುದು, ಅದಕ್ಕೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ. ಬೆನ್ನಿಗೆ ಅರಿವಳಿಕೆ ಕೊಡುವುದಿದ್ದರೆ ಕೊನೆಯ ಸೂಜಿಯಿಂದ ಕನಿಷ್ಠ 12 ಗಂಟೆ ಆಗಿರಬೇಕು, ಡೋಸ್ ಜಾಸ್ತಿಯಿದ್ದರೆ 24. ನೋವು ಶುರುವಾದ ಕೂಡಲೇ ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ್ದು "ನಾನು ಹೆಪಾರಿನ್ ತಗೋತಿದ್ದೀನಿ, ಕೊನೆಯದು ಇಷ್ಟು ಗಂಟೆಗೆ" ಅಂತ. ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸೂಜಿ ನಡೆಯುತ್ತಿದೆ ಅಂತ ಸ್ಕ್ಯಾನ್ ತಪ್ಪಿಸುವಂತಿಲ್ಲ. ಮಗುವಿನ ಬೆಳವಣಿಗೆ, ಹೊಕ್ಕುಳಬಳ್ಳಿಯ ರಕ್ತದ ಹರಿವು, ಅಮ್ಮನ ಬಿಪಿ ಕೊನೆಯವರೆಗೂ ನೋಡುತ್ತಿರಬೇಕು.

ಹೆರಿಗೆಯಾಯಿತು, ಕಾಯಿಲೆಯೂ ಮುಗಿಯಿತು ಅಂತಲ್ಲ. ಎಪಿಎಸ್ ಇರುವವರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು, ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಕಾಪರ್-ಟಿ ಪರವಾಗಿಲ್ಲ.

## ಹಾಗಾದರೆ ಎಲ್ಲರಿಗೂ ಕೊಟ್ಟುಬಿಡಬಾರದಾ?

ತುಂಬಾ ಜನ ಕೇಳುವ ಪ್ರಶ್ನೆ. ಎರಡು ಸಲ ಹೋಗಿದೆ, ಕಾರಣ ಸಿಕ್ಕಿಲ್ಲ, "ಸುಮ್ನೆ ಇರಲಿ" ಅಂತ ಹೆಪಾರಿನ್ ಬರೆದ ಚೀಟಿಗಳನ್ನು ನಾನೂ ನೋಡಿದ್ದೇನೆ.

2010ರಲ್ಲಿ ನೆದರ್ಲೆಂಡ್ಸಿನವರು ಕಾರಣ ಸಿಗದ ಹೆಂಗಸರಿಗೆ ಆಸ್ಪಿರಿನ್, ಹೆಪಾರಿನ್ ಕೊಟ್ಟು ಪರೀಕ್ಷಿಸಿದರು. ಲಾಭವಿಲ್ಲ. ಹುಟ್ಟಿನಿಂದಲೇ ರಕ್ತ ಸ್ವಲ್ಪ ಜಾಸ್ತಿ ಹೆಪ್ಪುಗಟ್ಟುವ ಗುಣ ಇರುವವರಿಗೆ, ಅಂದರೆ ಫ್ಯಾಕ್ಟರ್ ಫೈವ್ ಲೈಡನ್‌ನಂಥ ತೊಂದರೆ ಇರುವವರಿಗೆ, ಕೆಲಸ ಮಾಡಬಹುದಾ ಅಂತ 2023ರಲ್ಲಿ ಆಲೈಫ್-2 ಎಂಬ ಅಧ್ಯಯನದ ಫಲಿತಾಂಶ ಬಂತು. ಹೆಪಾರಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 71.6 ಮಂದಿಗೆ ಮಗುವಾಯಿತು. ತೆಗೆದುಕೊಳ್ಳದವರಲ್ಲಿ 70.9. ವ್ಯತ್ಯಾಸ ಇಲ್ಲ ಅಂತಲೇ ಅರ್ಥ.

ಈ ಎರಡನೇ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಸೂಜಿಯಿಲ್ಲದೆಯೂ ಹತ್ತರಲ್ಲಿ ಏಳು ಮಂದಿಗೆ ಮಗುವಾಗಿದೆ. ಯಾವುದೋ ಚಿಕಿತ್ಸೆ ಪಡೆದು ನಾಲ್ಕನೇ ಸಲ ಮಗುವಾದಾಗ ಎಲ್ಲ ಕೀರ್ತಿ ಚಿಕಿತ್ಸೆಗೆ ಹೋಗುತ್ತದೆ. ಅದಿಲ್ಲದೆಯೂ ಆಗುತ್ತಿತ್ತೇನೋ ಅಂತ ಕೇಳುವವರು ಯಾರು?

## ಲೂಪಸ್ ಮತ್ತು ಥೈರಾಯ್ಡ್

ಲೂಪಸ್ ಇರುವವರಲ್ಲಿ ಎಪಿಎಸ್ ಕೂಡ ಇರುವ ಸಾಧ್ಯತೆ ಜಾಸ್ತಿ. ಇವರು ಕಾಯಿಲೆ ಕನಿಷ್ಠ ಆರು ತಿಂಗಳು ತಣ್ಣಗಿದ್ದ ಮೇಲೆ ಬಸಿರಾಗುವುದು ಕ್ಷೇಮ. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಬಸಿರಾದರು ಅಂತ ನಿಲ್ಲಿಸಬಾರದು, ನಿಲ್ಲಿಸಿದರೆ ಕಾಯಿಲೆ ಕೆರಳುತ್ತದೆ. ಆಸ್ಪಿರಿನ್, ಹೆಪಾರಿನ್ ಕೊಟ್ಟರೂ ಗರ್ಭ ನಿಲ್ಲದ ಎಪಿಎಸ್ ರೋಗಿಗಳಿಗೂ ಕೆಲವು ತಜ್ಞರು ಇದನ್ನು ಸೇರಿಸುತ್ತಾರೆ. ಅದರ ಮೇಲೆ ಅಧ್ಯಯನಗಳು ನಡೆದಿವೆ.

ಥೈರಾಯ್ಡ್‌ನ ಮೇಲೆ ಬೀಳುವ ಟಿಪಿಒ ಆ್ಯಂಟಿಬಾಡಿ ನಮ್ಮ ಹೆಂಗಸರಲ್ಲಿ ತುಂಬಾ ಕಾಣುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ತೋರಿಸುವ ಹಾರ್ಮೋನು) ಸರಿಯಿದ್ದು ಈ ಆ್ಯಂಟಿಬಾಡಿ ಮಾತ್ರ ಇದ್ದರೆ ಥೈರಾಯ್ಡ್ ಮಾತ್ರೆ ಕೊಡಬೇಕಾ? 2019ರ ಟ್ಯಾಬ್ಲೆಟ್ ಎಂಬ ಬ್ರಿಟಿಷ್ ಅಧ್ಯಯನದಲ್ಲಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 37.4, ಹುಸಿ ಮಾತ್ರೆ ನುಂಗಿದವರಲ್ಲಿ 37.9 ಮಂದಿಗೆ ಮಗುವಾಯಿತು. ಟಿಎಸ್‌ಎಚ್ ಏರಿದ್ದರೆ ಮಾತ್ರೆ ಬೇಕೇ ಬೇಕು, ಅದು ಬೇರೆ ಮಾತು.

## ದುಬಾರಿ ಹೆಸರುಗಳು

ಇಂಟರ್‌ನೆಟ್ಟಿನಲ್ಲಿ 'ಇಮ್ಯೂನ್ ಟ್ರೀಟ್‌ಮೆಂಟ್' ಅಂತ ಹುಡುಕಿದರೆ ಆಸ್ಪಿರಿನ್ ಮೊದಲು ಬರುವುದಿಲ್ಲ. ಕಮ್ಮಿ ದುಡ್ಡಿನ ಔಷಧಿಗೆ ಜಾಹೀರಾತು ಕೊಡುವವರಿಲ್ಲ.

ಎನ್‌ಕೆ ಕೋಶ ಪರೀಕ್ಷೆ: ತೋಳಿನ ರಕ್ತದಲ್ಲಿ ಎನ್‌ಕೆ ಎಣಿಸಿ "ಜಾಸ್ತಿಯಿದೆ" ಅನ್ನುತ್ತಾರೆ. ತೋಳಿನ ಎನ್‌ಕೆ ಬೇರೆ, ಗರ್ಭಕೋಶದ ಎನ್‌ಕೆ ಬೇರೆ. ಗರ್ಭಕೋಶದವು ಕಟ್ಟುವ ಕೆಲಸ ಮಾಡುತ್ತವೆ ಅಂತ ಆಗಲೇ ಹೇಳಿದೆ. ತಜ್ಞರ ಸಂಘಗಳು ಮಾಮೂಲಿ ತಪಾಸಣೆಗೆ ಈ ಪರೀಕ್ಷೆಯನ್ನು ಒಪ್ಪಿಲ್ಲ. ಇದರ ಹಿಂದೆಯೇ ಇಂಟ್ರಾಲಿಪಿಡ್ ಡ್ರಿಪ್ ಬರುತ್ತದೆ. ಸೋಯಾ ಎಣ್ಣೆ ಮತ್ತು ಮೊಟ್ಟೆಯ ಕೊಬ್ಬು ಸೇರಿದ ಬಿಳಿ ದ್ರವ, ಊಟ ಮಾಡಲಾಗದ ರೋಗಿಗಳಿಗೆ ಮಾಡಿದ್ದು. ಗರ್ಭ ನಿಲ್ಲಿಸುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ.

ಎಲ್‌ಐಟಿ: ಗಂಡನ ರಕ್ತದ ಬಿಳಿ ಕಣಗಳನ್ನು ಹೆಂಡತಿಗೆ ಚುಚ್ಚುವುದು. ಛತ್ರದ ಹೋಲಿಕೆಯಲ್ಲೇ ಹೇಳುವುದಾದರೆ, ಗಂಡಿನ ಕಡೆಯವರ ಮುಖವನ್ನು ಮೊದಲೇ ಪರಿಚಯ ಮಾಡಿಸುವ ಉಪಾಯ. ಕೇಳಲು ಚೆನ್ನಾಗಿದೆ. 1999ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಸರಿಯಾಗಿ ಪರೀಕ್ಷಿಸಿದಾಗ, ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 36 ಮಂದಿಗೆ ಗರ್ಭ ನಿಂತಿತು, ಚುಚ್ಚಿಸಿಕೊಳ್ಳದವರಲ್ಲಿ 48. 2002ರಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದನ್ನು ಅನುಮತಿ ಪಡೆದ ಸಂಶೋಧನೆಯಲ್ಲಿ ಬಿಟ್ಟು ಬೇರೆಡೆ ಕೊಡುವಂತಿಲ್ಲ ಎಂದಿತು. ನಮ್ಮ ದೇಶದ ಕೆಲವು ಕ್ಲಿನಿಕ್ಕುಗಳಲ್ಲಿ ಇದರ ಮಾತು ಇನ್ನೂ ಕೇಳಿಸುತ್ತದೆ.

ಐವಿಐಜಿ: ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿಗಳು, ತುಂಬಾ ದುಬಾರಿ. ಹಳೆಯ ಅಧ್ಯಯನಗಳಲ್ಲಿ ಲಾಭ ಕಾಣಲಿಲ್ಲ. ಆದರೆ 2022ರಲ್ಲಿ ಜಪಾನಿನವರು ನಾಲ್ಕು ಅಥವಾ ಜಾಸ್ತಿ ಸಲ ಕಾರಣವಿಲ್ಲದೆ ಗರ್ಭ ಹೋದವರಿಗೆ, ಬಸಿರಿನ ತೀರಾ ಶುರುವಿನಲ್ಲೇ, ದೊಡ್ಡ ಡೋಸ್ ಕೊಟ್ಟು ನೋಡಿದರು. ನೂರಕ್ಕೆ 58 ಮಂದಿಗೆ ಮಗುವಾಯಿತು, ಹುಸಿ ಔಷಧಿ ಪಡೆದವರಲ್ಲಿ 35. ಒಟ್ಟು ನೂರರ ಆಸುಪಾಸು ಹೆಂಗಸರ ಸಣ್ಣ ಅಧ್ಯಯನ ಅದು. ಬಾಗಿಲು ಮುಚ್ಚಿಲ್ಲ, ಪೂರ್ತಿ ತೆರೆದೂ ಇಲ್ಲ. ಎರಡು ಸಲ ಹೋಗಿದೆ ಅಂತ ಸಾಲ ಮಾಡಿ ಹಾಕಿಸಿಕೊಳ್ಳುವಂಥದ್ದಂತೂ ಅಲ್ಲ.

ಯಾವ ಕ್ಲಿನಿಕ್ಕಿನಲ್ಲಾದರೂ ಮೂರು ಪ್ರಶ್ನೆ ಕೇಳಬಹುದು. ನನ್ನ ಟೆಸ್ಟ್ ಎರಡು ಸಲ ಪಾಸಿಟಿವ್ ಬಂದಿದೆಯಾ? ಈ ಔಷಧಿಯನ್ನು ನನ್ನಂಥವರಿಗೆ ಕೊಟ್ಟು, ಕೊಡದವರ ಜೊತೆ ಹೋಲಿಸಿ ನೋಡಿದ್ದಾರಾ? ತೆಗೆದುಕೊಳ್ಳದಿದ್ದರೆ ನನ್ನ ಸಾಧ್ಯತೆ ಎಷ್ಟು? ಮೂರನೆಯದಕ್ಕೆ ಸಿಗುವ ಉತ್ತರದಲ್ಲೇ ಆ ಕ್ಲಿನಿಕ್ ಎಂಥದ್ದು ಅಂತ ಗೊತ್ತಾಗಿಬಿಡುತ್ತದೆ.

## ತಂಗಿಯ ಕ್ಯಾಲೆಂಡರ್

ಅವಳ ಡಾಕ್ಟರು ಈಗಲೇ ಏನೂ ಶುರು ಮಾಡಿಲ್ಲ. ಉಳಿದ ಎರಡು ಪರೀಕ್ಷೆ ಬರೆದುಕೊಟ್ಟರು, ಅವು ನೆಗೆಟಿವ್ ಬಂದವು. ಗರ್ಭಕೋಶದ ಸ್ಕ್ಯಾನ್ ಸರಿಯಿದೆ. ಕ್ರೋಮೋಸೋಮ್ ಪರೀಕ್ಷೆಗೆ ಗಂಡನ ರಕ್ತವನ್ನೂ ಕೊಟ್ಟಿದ್ದಾರೆ. ಅವನು ಲ್ಯಾಬಿಗೆ ಹೋದದ್ದು ಇದೇ ಮೊದಲಂತೆ. ಮೂರು ಸಲವೂ ಎಲ್ಲರ ಕಣ್ಣು ಅವಳ ಮೇಲೇ ಇತ್ತು ನೋಡಿ.

12 ವಾರ ಮುಗಿಯಲು ಇನ್ನು ಐದು ವಾರ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ಆ ದಿನಕ್ಕೆ ಅವಳು ಗುರುತು ಹಾಕಿಟ್ಟಿದ್ದಾಳೆ. ನಿನ್ನೆ ಮತ್ತೆ ಮೆಸೇಜ್ ಬಂತು: "ಅಕ್ಕಾ, ನೀಲಿ ಟ್ಯೂಬು ಗೆರೆವರೆಗೂ ತುಂಬಿದ್ರಾ ಅಂತ ನಾನೇ ನೋಡ್ತೀನಿ ಈ ಸಲ."